ಓದುಗರ ಪ್ರಶ್ನೆಗಳು: 2019ರಲ್ಲಿ ಎಲ್‌ಎಸ್‌ಯು ತಂಡಕ್ಕೆ ಏನಾಯಿತು?

ಕಳೆದ ತಿಂಗಳು ಅಮೆರಿಕದ ಕಾಲೇಜ್ ಫುಟ್‌ಬಾಲ್ ಬಗ್ಗೆ ಬರೆಯುವಾಗ ಒಂದು ಮಾತು ಹೇಳಿದ್ದೆ. ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯು ತಂಡದ 2019ರ ಅಫೆನ್ಸ್‌ನಂಥದ್ದನ್ನು ನಾನು ಇನ್ನೊಂದು ನೋಡಿಲ್ಲ ಅಂತ. ಒಂದೇ ಸಾಲು. ಅದಕ್ಕೇ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನನ್ನ ಮಗ ಎಲ್‌ಎಸ್‌ಯು ಇರುವ ಊರು ಬ್ಯಾಟನ್ ರೂಜ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಮ್ಯಾಚ್ ಇದ್ದರೆ ಫೋನ್ ಎತ್ತುವುದಿಲ್ಲ. ತಂಡ ಗೆದ್ದ ದಿನವೂ "2019ರ ಥರ ಇಲ್ಲಮ್ಮಾ" ಅನ್ನುತ್ತಾನೆ. ಆಗ ಅವನು ಅಲ್ಲಿಗೆ ಹೋಗಿಯೇ ಇರಲಿಲ್ಲ! ಏನು ಆ 2019? – ಒಬ್ಬ ತಾಯಿ, ಮೈಸೂರು

ಅಕ್ಕ, ಆ ಊರಿಗೆ ಹೋದವರಿಗೆಲ್ಲ ಅದು ಅಂಟಿಕೊಳ್ಳುತ್ತದೆ. ಅವನನ್ನು ಬೈಯಬೇಡಿ.

ಮೊದಲು ಆಟ ಏನು ಅಂತ ಎರಡು ಮಾತು. ಇದು ನಮ್ಮ ಕಾಲ್ಚೆಂಡು ಅಲ್ಲ. ಮೊಟ್ಟೆ ಆಕಾರದ ಚೆಂಡು. ಹಿಡಿದುಕೊಂಡು ಓಡಬಹುದು, ಮುಂದಿರುವವನಿಗೆ ಎಸೆಯಬಹುದು. ಚೆಂಡು ಇರುವ ತಂಡದ ಆಟ ಅಫೆನ್ಸ್, ತಡೆಯುವವರದ್ದು ಡಿಫೆನ್ಸ್. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ, ಜತೆಗೆ ಇನ್ನೊಂದೆರಡು ಅಂಕ ಸೇರಿಸಿಕೊಳ್ಳಲು ಒಂದು ಅವಕಾಶ. ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡುವವನು ಕ್ವಾರ್ಟರ್‌ಬ್ಯಾಕ್.

ಎಲ್‌ಎಸ್‌ಯು ಮೊದಲಿಂದಲೂ ದೊಡ್ಡ ತಂಡವೇ. 2003ರಲ್ಲಿ ಚಾಂಪಿಯನ್, 2007ರಲ್ಲಿ ಮತ್ತೆ ಚಾಂಪಿಯನ್. ಅವರ ಟೈಗರ್ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ. ಆದರೆ ಆ ತಂಡದ ಹೆಸರು ಬಂದದ್ದು ಡಿಫೆನ್ಸ್‌ನಿಂದ. ಅಫೆನ್ಸ್ ಅಂದರೆ ಚೆಂಡು ಹಿಡಿದು ನೇರ ನುಗ್ಗುವುದು, ಒಂದು ಪಾಯಿಂಟ್ ಮುಂದಿದ್ದರೂ ಸಾಕು, ಉಳಿದದ್ದನ್ನು ಡಿಫೆನ್ಸ್ ನೋಡಿಕೊಳ್ಳಲಿ ಅನ್ನುವ ಲೆಕ್ಕ. ಎಸೆಯುವುದು ಅವರ ಮನೆತನದಲ್ಲೇ ಇರಲಿಲ್ಲ ಅನ್ನಿ. 2019ಕ್ಕೆ ಮೊದಲು ಅಲ್ಲಿನ ಕ್ವಾರ್ಟರ್‌ಬ್ಯಾಕ್ ಒಂದು ಸೀಸನ್‌ನಲ್ಲಿ ಎಸೆದ ಅತಿ ಹೆಚ್ಚು ಟಚ್‌ಡೌನ್ ಎಷ್ಟು ಗೊತ್ತಾ? 28. 2003ರಲ್ಲಿ ಮ್ಯಾಟ್ ಮಾಕ್, 2006ರಲ್ಲಿ ಜಮಾರ್ಕಸ್ ರಸೆಲ್, ಇಬ್ಬರದ್ದೂ ಅಷ್ಟೇ.

2019ರಲ್ಲಿ ಜೋ ಬರೋ ಎಸೆದದ್ದು 60.

ಹಳೆಯ ದಾಖಲೆ ಏಳನೇ ಪಂದ್ಯಕ್ಕೇ ಮುರಿದುಬಿತ್ತು. ಇನ್ನೂ ಎಂಟು ಪಂದ್ಯ ಬಾಕಿ ಇತ್ತು. ಬರೋ ಆ ವರ್ಷ ಎಸೆದು ಗಳಿಸಿದ್ದು 5,671 ಗಜ. ನೂರು ಸಲ ಎಸೆದರೆ 76 ಸಲ ತಮ್ಮವರ ಕೈ ಸೇರುತ್ತಿತ್ತು. 15 ಪಂದ್ಯ ಆಡಿ 15ನ್ನೂ ಗೆದ್ದರು, ಒಟ್ಟು 726 ಅಂಕ, ಪಂದ್ಯಕ್ಕೆ 48.4. ಹಿಂದಿನ ವರ್ಷ ಇದೇ ತಂಡದ್ದು 32.4. ನಿಮ್ಮ ಮಗ ನೋಡದೇ ಇದ್ದರೂ ಆ ಊರಿನ ಅಂಗಡಿ, ಲೈಬ್ರರಿ, ಬಸ್ಸು, ಎಲ್ಲೆಲ್ಲೂ ಜನ ಅದನ್ನೇ ಮಾತಾಡುತ್ತಿರುತ್ತಾರೆ. ಅವನಿಗೂ ಬಂದಿದೆ, ಅಷ್ಟೇ.

ಪ್ರಶ್ನೆ: ಸರಾಸರಿ 32ರಿಂದ 48ಕ್ಕೆ ಹೋಯಿತು ಅನ್ನುತ್ತೀರಿ. 32 ಏನೂ ಕಡಿಮೆ ಅಲ್ಲವಲ್ಲ? ಒಳ್ಳೆಯ ತಂಡ ಇನ್ನೂ ಸ್ವಲ್ಪ ಒಳ್ಳೆಯದಾಯಿತು ಅಂತ ಹೇಳಿದರೆ ಸಾಲದಾ? – ಲೆಕ್ಕದ ಮೇಷ್ಟ್ರು, ದಾವಣಗೆರೆ

ಮೇಷ್ಟ್ರೇ, ಈ ಪ್ರಶ್ನೆಗಾಗಿ ನಿಮಗೆ ಕೈಮುಗಿಯುತ್ತೇನೆ. ಯಾಕಂದ್ರೆ ಆ 32.4 ಅನ್ನೋದು ಸ್ವಲ್ಪ ಮೋಸದ ಅಂಕಿ.

2018ರಲ್ಲಿ ಎಲ್‌ಎಸ್‌ಯು 13 ಪಂದ್ಯದಲ್ಲಿ 421 ಅಂಕ ಗಳಿಸಿತು. ಅದರಲ್ಲಿ 72 ಅಂಕ ಒಂದೇ ಪಂದ್ಯದಲ್ಲಿ ಬಂದದ್ದು, ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ. 74–72ರಲ್ಲಿ ಸೋತರು. ಆ ಪಂದ್ಯ ಏಳು ಓವರ್‌ಟೈಮ್‌ಗೆ ಹೋಗಿತ್ತು. ನಿಗದಿತ ಸಮಯ ಮುಗಿದಾಗ ಇದ್ದದ್ದು 31–31. ಅಂದರೆ 41 ಅಂಕ ಬರೀ ಓವರ್‌ಟೈಮ್‌ನಲ್ಲಿ. ಆಗ ಕಾಲೇಜ್ ಫುಟ್‌ಬಾಲ್‌ನ ಪ್ರತಿ ಓವರ್‌ಟೈಮ್‌ನಲ್ಲೂ ಚೆಂಡನ್ನು ಎದುರಾಳಿಯ ಗೆರೆಯಿಂದ 25 ಗಜ ದೂರದಲ್ಲಿಟ್ಟೇ ಶುರು ಮಾಡುತ್ತಿದ್ದರು, ಅಂಕ ಸಲೀಸಾಗಿ ಬರುತ್ತಿತ್ತು. ಕ್ರಿಕೆಟ್‌ನಲ್ಲಿ ಸೂಪರ್ ಓವರ್‌ನಲ್ಲಿ ಹೊಡೆದ ರನ್ನನ್ನು ಬ್ಯಾಟ್ಸ್‌ಮನ್ ಸರಾಸರಿಗೆ ಸೇರಿಸುವುದಿಲ್ಲ. ಇಲ್ಲಿ ಸೇರಿಸುತ್ತಾರೆ. ಆ 41 ತೆಗೆದು ನೋಡಿ. 380 ಅಂಕ, 13 ಪಂದ್ಯ, ಸರಾಸರಿ 29.2.

2019ರಲ್ಲಿ ಒಂದೇ ಒಂದು ಓವರ್‌ಟೈಮ್ ಇಲ್ಲ. 726ರಲ್ಲಿ ಪ್ರತಿಯೊಂದು ಅಂಕವೂ ನಿಗದಿತ ಸಮಯದಲ್ಲೇ ಬಂದದ್ದು. ಹಾಗಾಗಿ ನಿಜವಾದ ಜಿಗಿತ 16 ಅಂಕ ಅಲ್ಲ, 19ಕ್ಕೂ ಜಾಸ್ತಿ.

ಇನ್ನೊಂದು ವಿಷಯ. 2018ರ ನವೆಂಬರ್‌ನಲ್ಲಿ ಅಲಬಾಮಾ ತಂಡ ಬ್ಯಾಟನ್ ರೂಜ್‌ಗೇ ಬಂದು 29–0ಯಲ್ಲಿ ಹೊಡೆದುಹೋಯಿತು. ಸ್ವಂತ ಅಂಗಳದಲ್ಲಿ ಸೊನ್ನೆ. ಮುಂದಿನ ವರ್ಷ ಅದೇ ಅಲಬಾಮಾದ ಮನೆಗೆ ಹೋಗಿ 46 ಅಂಕ ಹಾಕಿದರು. ಅರ್ಧ ಪಂದ್ಯಕ್ಕೇ 33–13. ಕೊನೆಗೆ 46–41. ಅಲಬಾಮಾ ವಿರುದ್ಧ ಸತತ ಎಂಟು ಸಲ ಸೋತಿದ್ದ ತಂಡ ಅದು, 2011ರ ನಂತರ ಮೊದಲ ಗೆಲುವು. ಸೊನ್ನೆಯಿಂದ 46ಕ್ಕೆ, ಒಂದೇ ವರ್ಷದಲ್ಲಿ. ಸರಾಸರಿ ಬಿಟ್ಟುಬಿಡಿ, ಈ ಎರಡು ಪಂದ್ಯ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಪ್ರಶ್ನೆ: ಇದೆಲ್ಲ ಜೋ ಬ್ರೇಡಿ ಅನ್ನೋ ಕೋಚ್ ಬಂದಿದ್ದರಿಂದ ಆಯಿತು ಅಂತ ಇಲ್ಲಿ ನನ್ನ ಆಫೀಸಿನವರು ಹೇಳುತ್ತಾರೆ. ಬರೋ ಇಲ್ಲದಿದ್ದರೆ ಬ್ರೇಡಿ ಏನು ಮಾಡುತ್ತಿದ್ದರು ಅಂತ ನನ್ನ ವಾದ. ನೀವು ಯಾರ ಕಡೆ? – ಡಲ್ಲಾಸ್ ಕನ್ನಡಿಗ

ನಿಮ್ಮ ವಾದ ಅರ್ಧ ಸರಿ, ಅವರದ್ದು ಅರ್ಧ ಸರಿ. ಆದರೆ ನೀವಿಬ್ಬರೂ ಮರೆತಿರುವ ಒಂದು ಹೆಸರಿದೆ, ಆಮೇಲೆ ಹೇಳುತ್ತೇನೆ.

ಆಟಗಾರರು ಮೊದಲೇ ಇದ್ದರು, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಬರೋ ಒಹಾಯೊ ಸ್ಟೇಟ್‌ನಲ್ಲಿ ಅವಕಾಶ ಸಿಗದೆ 2018ರಲ್ಲೇ ಇಲ್ಲಿಗೆ ಬಂದಿದ್ದರು. ಆ ವರ್ಷ ಅವರದ್ದು 2,894 ಗಜ, 16 ಟಚ್‌ಡೌನ್, ನೂರಕ್ಕೆ 58 ಕೂಡ ಮುಟ್ಟಿರಲಿಲ್ಲ. ಜಸ್ಟಿನ್ ಜೆಫರ್ಸನ್ ಇದ್ದರು, 54 ಕ್ಯಾಚ್. ಜಮಾರ್ ಚೇಸ್ ಇದ್ದರು, ಬರೀ 23 ಕ್ಯಾಚ್, 313 ಗಜ. ಓಡುವ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಕೂಡ ಇದ್ದರು, 658 ಗಜ. ಮುಂದಿನ ವರ್ಷ ಇದೇ ಹುಡುಗರು ಏನಾದರು? ಜೆಫರ್ಸನ್ 111 ಕ್ಯಾಚ್, 1,540 ಗಜ. ಚೇಸ್ 84 ಕ್ಯಾಚ್, 1,780 ಗಜ, 20 ಟಚ್‌ಡೌನ್. ಎಡ್ವರ್ಡ್ಸ್-ಹೆಲೇರ್ ಓಡಿ 1,414 ಗಜ, ಅದರ ಮೇಲೆ 55 ಕ್ಯಾಚ್ ಬೇರೆ. ಅದೇ ಮನೆ, ಅದೇ ಪಾತ್ರೆ, ಅದೇ ಅಕ್ಕಿ ಬೇಳೆ. ಅಡುಗೆ ಮಾಡುವ ರೀತಿ ಬದಲಾಯಿತು.

ಹೇಗೆ ಬದಲಾಯಿತು? ಹಳೆಯ ಎಲ್‌ಎಸ್‌ಯು ತನ್ನವರನ್ನೆಲ್ಲ ಮಧ್ಯದಲ್ಲಿ ಗುಂಪು ಕಟ್ಟಿ ನಿಲ್ಲಿಸುತ್ತಿತ್ತು. ಎದುರಾಳಿಗೂ ಅದೇ ಬೇಕಿತ್ತು, ಅವರೂ ಏಳೆಂಟು ಜನರನ್ನು ಮಧ್ಯಕ್ಕೇ ತಂದು ಗೋಡೆ ಕಟ್ಟುತ್ತಿದ್ದರು. ಬ್ರೇಡಿ ಬಂದದ್ದು ನ್ಯೂ ಆರ್ಲಿಯನ್ಸ್ ಸೇಂಟ್ಸ್ ಅನ್ನೋ ವೃತ್ತಿಪರ ತಂಡದಿಂದ, ಇನ್ನೂ 29ರ ವಯಸ್ಸು. ಅವರು ತಂದ ಆಟದಲ್ಲಿ ಐದು ಜನ ಮೈದಾನದ ಉದ್ದಗಲಕ್ಕೆ ಹರಡಿಕೊಂಡು ನಿಲ್ಲುತ್ತಾರೆ. ಐವರೂ ಚೆಂಡು ಹಿಡಿಯಬಲ್ಲವರೇ. ಓಡುವವನೂ ಪಕ್ಕಕ್ಕೆ ಹೋಗಿ ಕ್ಯಾಚ್ ಹಿಡಿಯಲು ನಿಂತರೆ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿ ಯಾರೂ ಇರೋದಿಲ್ಲ. ನೋಡಿದರೆ ಒಂಟಿ ಅನ್ನಿಸುತ್ತದೆ, ಆದರೆ ಕಷ್ಟ ಎದುರಾಳಿಗೆ. ಐವರನ್ನು ಕಾಯಬೇಕು. ಕಾಯಲು ಜನ ಕಳಿಸಿದರೆ ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳಲು ಜನ ಸಾಲದು, ಮೇಲೆ ಬೀಳಲು ಜನ ಕಳಿಸಿದರೆ ಯಾವನಾದರೂ ಒಬ್ಬ ಖಾಲಿ ಸಿಗುತ್ತಾನೆ. ಕಬಡ್ಡಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಿಡಿಯುವವರು ಕೈ ಕೈ ಹಿಡಿದು ಒಟ್ಟಿಗಿದ್ದರೆ ರೈಡರ್‌ಗೆ ಕಷ್ಟ, ಸರಪಳಿ ಹರಿದು ಚದುರಿದರೆ ರೈಡರ್‌ಗೆ ಹಬ್ಬ.

ಆದರೆ ಆ ಖಾಲಿ ಇರುವವನನ್ನು ಎರಡು ಸೆಕೆಂಡಿನಲ್ಲಿ ಕಂಡುಹಿಡಿಯುವ ಕಣ್ಣು ಬೇಕಲ್ಲ? ಅದು ಬರೋ. ಎದುರಿನವರು ನಿಂತಿರುವ ರೀತಿ ನೋಡಿಯೇ ಯಾರು ನುಗ್ಗುತ್ತಾರೆ ಅಂತ ಹೇಳಬಲ್ಲ ಹುಡುಗ. ಅವರಪ್ಪನೂ ಕೋಚ್. ಅದೂ ಅಲ್ಲದೆ ಬದಲಾವಣೆಯ ಸುಳಿವು ಬ್ರೇಡಿ ಬರುವ ಮೊದಲೇ ಸಿಕ್ಕಿತ್ತು. 2019ರ ಜನವರಿ 1ರಂದು ಯುಸಿಎಫ್ (ಸೆಂಟ್ರಲ್ ಫ್ಲೋರಿಡಾ ಯೂನಿವರ್ಸಿಟಿ) ತಂಡದ ವಿರುದ್ಧ ಬರೋ ಮೊದಲಲ್ಲೇ ಒಂದು ಭಯಂಕರ ಏಟು ತಿಂದರು. ಎದ್ದು ಬಂದು 394 ಗಜ, ನಾಲ್ಕು ಟಚ್‌ಡೌನ್ ಎಸೆದರು.

ಈಗ ಆ ಮರೆತ ಹೆಸರು. ಸ್ಟೀವ್ ಎನ್ಸ್‌ಮಿಂಗರ್. ಅಫೆನ್ಸ್‌ನ ಮುಖ್ಯ ಕೋಚ್ ಅವರೇ. ಆಗಲೇ 60 ದಾಟಿದ್ದವರು, ಇದೇ ಕಾಲೇಜಿಗೆ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ್ದವರು. ಮಗನ ವಯಸ್ಸಿನ ಒಬ್ಬ ಹುಡುಗ ಬಂದು ಹೊಸ ಆಟ ತೋರಿಸಿದಾಗ "ನನಗೆ ಗೊತ್ತು ಬಿಡಪ್ಪ" ಅನ್ನಬಹುದಿತ್ತು, ಅನ್ನಲಿಲ್ಲ. ಜತೆಗೆ ಕೂತು ಕೆಲಸ ಮಾಡಿದರು. ಇಡೀ ತಂಡದ ಮುಖ್ಯ ಕೋಚ್ ಎಡ್ ಒರ್ಜೆರಾನ್ ಇಬ್ಬರಿಗೂ ಜಾಗ ಬಿಟ್ಟುಕೊಟ್ಟರು. 2019ರ ಡಿಸೆಂಬರ್ 28, ಒಕ್ಲಹೋಮಾ ವಿರುದ್ಧ ಸೆಮಿಫೈನಲ್. ಆ ಬೆಳಗ್ಗೆ ವಿಮಾನ ಅಪಘಾತದಲ್ಲಿ ಎನ್ಸ್‌ಮಿಂಗರ್ ಅವರ ಸೊಸೆ ತೀರಿಕೊಂಡರು. ಆ ಸುದ್ದಿ ಎದೆಯಲ್ಲಿಟ್ಟುಕೊಂಡೇ ಅವರು ಮೇಲಿನ ಬೂತ್‌ನಲ್ಲಿ ಕೂತು ತಂಡ ನಡೆಸಿದರು. ಆ ದಿನ ಬರೋ ಮೊದಲ ಅರ್ಧದಲ್ಲೇ ಏಳು ಟಚ್‌ಡೌನ್ ಎಸೆದರು. 63–28. ಬಹುಮಾನದ ಸಮಯದಲ್ಲಿ ಎಲ್ಲರೂ ಬ್ರೇಡಿ ಹೆಸರು ಹೇಳಿದರು, ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಅವರಿಗೇ ಹೋಯಿತು. ಅದು ತಪ್ಪಲ್ಲ. ಆದರೆ ಎನ್ಸ್‌ಮಿಂಗರ್ ಹೆಸರಿಲ್ಲದೆ ಈ ಕಥೆ ಹೇಳಿದರೆ ನನಗೆ ಸಂಕಟ ಆಗುತ್ತದೆ.

ಪ್ರಶ್ನೆ: 2011ರ ಎಲ್‌ಎಸ್‌ಯು ತಂಡವೂ ದೊಡ್ಡದು ಅಂತ ಕೇಳಿದ್ದೇನೆ. ಅದಕ್ಕೆ ಯಾಕೆ ಈ ಹೆಸರಿಲ್ಲ? – ಹುಬ್ಬಳ್ಳಿಯ ಓದುಗ

ದೊಡ್ಡದೇ. ಫೈನಲ್‌ವರೆಗೆ ಒಂದೂ ಸೋಲಿಲ್ಲ. ಸೀಸನ್‌ನಲ್ಲಿ ಅಲಬಾಮಾವನ್ನು 9–6ರಲ್ಲಿ ಸೋಲಿಸಿದರು. ಎರಡೂ ಕಡೆ ಒಂದು ಟಚ್‌ಡೌನ್ ಇಲ್ಲ, ಬರೀ ಒದ್ದು ಗಳಿಸಿದ ಮೂರು ಮೂರು ಅಂಕ. ಫೈನಲ್‌ನಲ್ಲಿ ಮತ್ತೆ ಅದೇ ಅಲಬಾಮಾ. 21–0ಯಲ್ಲಿ ಸೋಲು. ಇಡೀ ಪಂದ್ಯದಲ್ಲಿ ಎಲ್‌ಎಸ್‌ಯು ಗಳಿಸಿದ್ದು 92 ಗಜ, ಮೈದಾನದ ಅರ್ಧ ಗೆರೆ ದಾಟಿದ್ದು ಒಂದೇ ಸಲ. ಡಿಫೆನ್ಸ್ ಅಷ್ಟು ಚೆನ್ನಾಗಿದ್ದೂ ಅಫೆನ್ಸ್ ಕೈಕೊಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಆ ಊರಿನವರಿಗೆ ಇನ್ನೊಂದು ಉದಾಹರಣೆ ಬೇಕಿಲ್ಲ. ಆ ನೋವು ಎಂಟು ವರ್ಷ ಹೊತ್ತಿದ್ದರಿಂದಲೇ 2019 ಅವರಿಗೆ ಅಷ್ಟು ಸಿಹಿ.

ಪ್ರಶ್ನೆ: 726 ಅಂಕ ಅನ್ನೋದು 15 ಪಂದ್ಯ ಆಡಿದ್ದಕ್ಕೆ ಬಂದದ್ದು ಅಲ್ವಾ? ಮತ್ತೆ 2023ರಲ್ಲಿ ಜೇಡನ್ ಡೇನಿಯಲ್ಸ್ ಇದ್ದ ಎಲ್‌ಎಸ್‌ಯು ಅಫೆನ್ಸ್ ಇದಕ್ಕಿಂತ ಚೆನ್ನಾಗಿತ್ತು ಅಂತ ನನಗನ್ನಿಸುತ್ತದೆ. ಸುಮ್ನೆ ಹಳೆಯದನ್ನೇ ಹೊಗಳಬೇಡಿ ಸರ್. – ಇಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು

ಮೊದಲ ಮಾತು ಒಪ್ಪಿದೆ ತಮ್ಮಾ. 2013ರ ಫ್ಲೋರಿಡಾ ಸ್ಟೇಟ್ 14 ಪಂದ್ಯದಲ್ಲೇ 723 ಹಾಕಿತ್ತು, ಪಂದ್ಯಕ್ಕೆ 51.6. ಸರಾಸರಿಯಲ್ಲಿ ಅವರೇ ಮುಂದೆ. ಬರೋ ಅವರ 60 ಟಚ್‌ಡೌನ್ ದಾಖಲೆಯೂ ಉಳಿಯಲಿಲ್ಲ, 2021ರಲ್ಲಿ ವೆಸ್ಟರ್ನ್ ಕೆಂಟಕಿಯ ಬೇಲಿ ಜ್ಯಾಪಿ 62 ಎಸೆದರು. ಆದರೆ ಅಂಕ ಎಷ್ಟು ಅನ್ನೋದರ ಜತೆ ಯಾರ ಮೇಲೆ ಅಂತಲೂ ಕೇಳಬೇಕು. ಎಲ್‌ಎಸ್‌ಯು ಆ ವರ್ಷ ಅಲಬಾಮಾ ಮೇಲೆ 46, ಜಾರ್ಜಿಯಾ ಮೇಲೆ 37, ಒಕ್ಲಹೋಮಾ ಮೇಲೆ 63, ಕ್ಲೆಮ್ಸನ್ ಮೇಲೆ 42 ಹಾಕಿತು. ಜಾರ್ಜಿಯಾ ಮತ್ತು ಕ್ಲೆಮ್ಸನ್ ಆ ವರ್ಷ ದೇಶದಲ್ಲೇ ಅತ್ಯಂತ ಗಟ್ಟಿ ಡಿಫೆನ್ಸ್ ಇದ್ದ ತಂಡಗಳು. ಕಷ್ಟ ಕೊಟ್ಟದ್ದು ಆಬರ್ನ್ ಒಂದೇ. ಅವರು ಮುಂದೆ ಮೂರೇ ಜನ ಬಿಟ್ಟು ಉಳಿದವರನ್ನೆಲ್ಲ ಹಿಂದೆ ಇಟ್ಟರು, 23 ಅಂಕಕ್ಕೆ ಕಟ್ಟಿಹಾಕಿದರು. ಅಲ್ಲೂ ಗೆದ್ದದ್ದು ಎಲ್‌ಎಸ್‌ಯು, 23–20.

ಇನ್ನು 2023. ನಿನ್ನ ಮಾತನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 13 ಪಂದ್ಯ, 592 ಅಂಕ, ಸರಾಸರಿ 45.5. ಡೇನಿಯಲ್ಸ್ 40 ಟಚ್‌ಡೌನ್ ಎಸೆದರು, ಎದುರಾಳಿಗೆ ಕೊಟ್ಟದ್ದು ನಾಲ್ಕೇ ಚೆಂಡು, ಅದರ ಮೇಲೆ ತಾವೇ ಓಡಿ 1,134 ಗಜ. ಫ್ಲೋರಿಡಾ ವಿರುದ್ಧ ಒಂದೇ ಪಂದ್ಯದಲ್ಲಿ ಎಸೆದು 372, ಓಡಿ 234. ಹಾಗೆ ಮುಂಚೆ ಯಾರೂ ಮಾಡಿರಲಿಲ್ಲ. ಒಬ್ಬ ಮನುಷ್ಯ ಒಂದು ಪಂದ್ಯದಲ್ಲಿ ಏನೇನು ಮಾಡಬಹುದು ಅನ್ನೋ ಪ್ರಶ್ನೆಗೆ ನನ್ನ ಉತ್ತರವೂ ಡೇನಿಯಲ್ಸ್. ಬರೋ ಥರ ಅವರಿಗೂ ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಬಂತು, ಬರಲೇಬೇಕಿತ್ತು.

ಆದರೂ ನಾನು 2019 ಅನ್ನುತ್ತೇನೆ. ಕಾರಣ ಒಂದೇ. 2023ರ ಅಫೆನ್ಸ್ ಒಬ್ಬರ ಹೆಗಲ ಮೇಲೆ ಜಾಸ್ತಿ ನಿಂತಿತ್ತು. 2019ರಲ್ಲಿ ಯಾರನ್ನು ಕಟ್ಟಿಹಾಕಿದರೂ ಇನ್ನೊಬ್ಬ ಇರುತ್ತಿದ್ದ. ಒಬ್ಬ ಎಸೆದು 5,000 ಗಜ, ಒಬ್ಬ ಓಡಿ 1,000, ಇಬ್ಬರು ಹಿಡಿದು 1,000 ದಾಟಿದ ತಂಡ ಅದಕ್ಕೆ ಮೊದಲು ಇರಲೇ ಇಲ್ಲ. 2023ರ ತಂಡ ಮೂರು ಪಂದ್ಯ ಸೋತಿತು, ನಿಜ, ಆದರೆ ಅದಕ್ಕೆ ಅಫೆನ್ಸ್ ಮೇಲೆ ತಪ್ಪು ಹಾಕಬಾರದು. ಓಲ್ ಮಿಸ್ ವಿರುದ್ಧ 49 ಅಂಕ ಹಾಕಿಯೂ 55–49ರಲ್ಲಿ ಸೋತರು, ಡಿಫೆನ್ಸ್ 700 ಗಜಕ್ಕೂ ಜಾಸ್ತಿ ಬಿಟ್ಟಿತ್ತು. ಪಂದ್ಯಕ್ಕೆ 28 ಅಂಕ ಬಿಟ್ಟುಕೊಟ್ಟ ತಂಡ ಅದು. 2019ರದ್ದು 22ರ ಹತ್ತಿರ. ಡೇನಿಯಲ್ಸ್‌ಗೆ ಆ ಡಿಫೆನ್ಸ್ ಸಿಕ್ಕಿದ್ದರೆ ಅಂತ ನನಗೂ ಎಷ್ಟೋ ಸಲ ಅನ್ನಿಸಿದೆ.

ಪ್ರಶ್ನೆ: ಅಷ್ಟು ಚೆನ್ನಾಗಿದ್ದ ಅಫೆನ್ಸ್ ಮುಂದಿನ ವರ್ಷ ಎಲ್ಲಿ ಹೋಯಿತು? – ಶಿವಮೊಗ್ಗ

ಚದುರಿತು. ಬರೋ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ಮೊದಲಿಗರಾಗಿ ಸಿನ್ಸಿನಾಟಿಗೆ ಹೋದರು. ಜೆಫರ್ಸನ್ ಮಿನೆಸೋಟಾಗೆ, ಎಡ್ವರ್ಡ್ಸ್-ಹೆಲೇರ್ ಕನ್ಸಾಸ್ ಸಿಟಿಗೆ. ಒಟ್ಟು 14 ಜನ ಒಂದೇ ವರ್ಷ ಆಯ್ಕೆಯಾದರು. ಬ್ರೇಡಿ ಕ್ಯಾರೊಲೈನಾ ತಂಡಕ್ಕೆ ಹೊರಟರು. ಉಳಿದಿದ್ದ ಚೇಸ್ 2020ರ ಸೀಸನ್ ಆಡಲೇ ಇಲ್ಲ. 10 ಪಂದ್ಯ, 5 ಗೆಲುವು, 5 ಸೋಲು, 320 ಅಂಕ, ಸರಾಸರಿ 32. ಲೆಕ್ಕದ ಮೇಷ್ಟ್ರು ಗಮನಿಸಬೇಕು, ಹೆಚ್ಚುಕಡಿಮೆ 2018ರ ಅಂಕಿಗೇ ವಾಪಸ್. 2018ರ 32, ನಡುವೆ ಒಂದು 48, ಮತ್ತೆ 32. ಒಂದೇ ಒಂದು ವರ್ಷ ಎಲ್ಲ ಕೂಡಿಬಂದಿತ್ತು.

ಪ್ರಶ್ನೆ: ಆ ಫೈನಲ್ ನೀವು ನೇರವಾಗಿ ನೋಡಿದಿರಾ? – ತುಮಕೂರು

ನೋಡಿದೆ, ಫೋನಿನಲ್ಲಿ. ಅಲ್ಲಿ 2020ರ ಜನವರಿ 13ರ ರಾತ್ರಿ, ನಮಗೆ 14ರ ಬೆಳಗ್ಗೆ. ಮರುದಿನ ಸಂಕ್ರಾಂತಿ. ಅಡುಗೆಮನೆ ಕಟ್ಟೆಗೆ ಫೋನ್ ಒರಗಿಸಿಟ್ಟು ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದೆ. ಕ್ಲೆಮ್ಸನ್ 17–7 ಮುಂದಿತ್ತು. ಬರೋ ಎಸೆಯುತ್ತಿದ್ದರೂ ಆಟ ಕೂಡಿಬರುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಕೊಬ್ಬರಿ ಗಿಟುಕು ಹಾಗೇ ನಿಂತಿತು. ಆಮೇಲೆ ಅರ್ಧ ಪಂದ್ಯ ಮುಗಿಯುವ ಮೊದಲೇ ಸಾಲಾಗಿ ಮೂರು ಟಚ್‌ಡೌನ್, 28–17. ಕೊನೆಗೆ 42–25. ಬರೋ 463 ಗಜ, ಐದು ಎಸೆದು ಒಂದು ಓಡಿ ಒಟ್ಟು ಆರು ಟಚ್‌ಡೌನ್. ಆ ವರ್ಷದ ಕೊಬ್ಬರಿ ಚೂರುಗಳು ಒಂದೊಂದು ಒಂದೊಂದು ಗಾತ್ರ ಇದ್ದವು, ಅಮ್ಮ ಈಗಲೂ ಅದನ್ನು ಹೇಳುತ್ತಾರೆ.

ಪ್ರಶ್ನೆ: ನನಗೆ ಈ ಆಟ ಏನೂ ಗೊತ್ತಿಲ್ಲ. ಒಂದೇ ಒಂದು ಪಂದ್ಯ ನೋಡಬೇಕು ಅಂದರೆ ಯಾವುದು? – ಗೃಹಿಣಿ, ಹಾಸನ

2019ರ ಸೆಪ್ಟೆಂಬರ್ 7, ಆಸ್ಟಿನ್‌ನಲ್ಲಿ ಟೆಕ್ಸಾಸ್ ವಿರುದ್ಧ. ಪೂರ್ತಿ ನೋಡಲು ಸಮಯ ಇಲ್ಲದಿದ್ದರೆ ಕೊನೆಯ ಮೂರು ನಿಮಿಷ ನೋಡಿ.

ಎಲ್‌ಎಸ್‌ಯು 37–31 ಮುಂದಿದೆ. ಆದರೆ ಮೂರನೇ ಅವಕಾಶ, ಇನ್ನೂ 17 ಗಜ ಬೇಕು. ಹಳೆಯ ಎಲ್‌ಎಸ್‌ಯು ಆಗಿದ್ದರೆ ಇಲ್ಲಿ ಏನು ಮಾಡುತ್ತಿತ್ತು ಅಂತ ಆ ಊರಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಮಧ್ಯಕ್ಕೆ ಒಂದು ಓಟ, ಗಡಿಯಾರ ಸ್ವಲ್ಪ ಓಡಲಿ, ಆಮೇಲೆ ಚೆಂಡನ್ನು ದೂರ ಒದ್ದು ಡಿಫೆನ್ಸ್‌ಗೆ ಕೈಮುಗಿಯುವುದು. ಇಲ್ಲಿ ಎಸೆಯಲು ನಿಂತರು. ಟೆಕ್ಸಾಸ್‌ನವರು ಜನ ಜಾಸ್ತಿ ಕಳಿಸಿ ಬರೋ ಮೇಲೆ ನುಗ್ಗಿದರು. ಬರೋ ಹಿಂದಕ್ಕೆ ಓಡಲಿಲ್ಲ. ಒಂದು ಹೆಜ್ಜೆ ಮುಂದಕ್ಕೆ, ನುಗ್ಗಿ ಬರುವವರ ನಡುವೆಯೇ, ಹಾಗೇ ಎಸೆದರು. ಜೆಫರ್ಸನ್ ಹಿಡಿದು ಪಕ್ಕದ ಗೆರೆ ಕಡೆ ತಿರುಗಿ ಓಡಿದರು, ಓಡಿಯೇ ಓಡಿದರು, 61 ಗಜ, ಟಚ್‌ಡೌನ್. ಟೆಕ್ಸಾಸ್ ಇನ್ನೊಂದು ಹಾಕಿತು, 45–38ಕ್ಕೆ ಮುಗಿಯಿತು.

ಅದು ಸೀಸನ್‌ನ ಎರಡನೇ ಪಂದ್ಯ. ಬರೋ ಕಾಲನ್ನು ಗಮನಿಸಿ, ಆ ಒಂದು ಹೆಜ್ಜೆ. ನಾನು ಅದನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ.